ಕಿಸೆಯ ಕ್ಯಾಮೆರಾ, ಕೊರಳ ಕ್ಯಾಮೆರಾ

2002ರ ನಡುವಿನಲ್ಲಿ ಜಪಾನಿನ ಕ್ಯಾಸಿಯೋ ಕಂಪನಿ ಎಕ್ಸಿಲಿಮ್ ಇಎಕ್ಸ್-ಎಸ್1 ಎಂಬ ಡಿಜಿಟಲ್ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ದಪ್ಪ 11.3 ಮಿಲಿಮೀಟರ್. ಉದ್ದಗಲದಲ್ಲಿ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು, ತೂಕದಲ್ಲಿ ನೂರು ಗ್ರಾಮಿಗೂ ಕಡಿಮೆ. ಅಂಗಿಯ ಜೇಬಿಗೆ ಹಾಕಿಕೊಂಡರೆ ಜೇಬು ಜೋಲುತ್ತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ದೇಶದ ಕ್ಯಾನನ್ ಕಂಪನಿ ಇಒಎಸ್-1ಡಿಎಸ್ ಎಂಬುದನ್ನು ಪ್ರಕಟಿಸಿತು. ಲೆನ್ಸ್ ಜೋಡಿಸುವ ಮೊದಲೇ, ಬ್ಯಾಟರಿ ಹಾಕುವ ಮೊದಲೇ ಅದರ ತೂಕ ಒಂದೂಕಾಲು ಕಿಲೋ. ಬೆಲೆ ಸುಮಾರು 8,000 ಡಾಲರ್. ಎಕ್ಸಿಲಿಮ್‌ನದು ಸುಮಾರು 300. ಬೆಳಕು ಬಂದು ಬೀಳುವ ಸೆನ್ಸರ್ ಕ್ಯಾನನ್‌ನಲ್ಲಿ 36 ಮಿಮೀ ಅಗಲ, 24 ಮಿಮೀ ಎತ್ತರ. ಕ್ಯಾಸಿಯೋದಲ್ಲಿ ಅದು ಕಿರುಬೆರಳಿನ ಉಗುರಿಗಿಂತ ಚಿಕ್ಕದು. ವಿಸ್ತೀರ್ಣದಲ್ಲಿ ಸುಮಾರು ನಲವತ್ತನೇ ಒಂದು ಪಾಲು.

ಒಂದು ಕೊರಳಿಗೆ ನೇತುಹಾಕಿಕೊಳ್ಳುವಂಥದ್ದು, ಇನ್ನೊಂದು ಕಿಸೆಗೆ ಸೇರಿಸಿ ಮರೆತುಬಿಡುವಂಥದ್ದು. ಮೊದಲನೆಯದಕ್ಕೆ ಡಿಎಸ್‌ಎಲ್‌ಆರ್ ಎಂದೂ ಎರಡನೆಯದಕ್ಕೆ ಅಲ್ಟ್ರಾಕಾಂಪ್ಯಾಕ್ಟ್ ಎಂದೂ ಹೆಸರು ಬಿದ್ದವು. ಮುಂದಿನ ಹತ್ತು ವರ್ಷ ಕ್ಯಾಮೆರಾ ಕೊಳ್ಳಲು ಹೊರಟ ಪ್ರತಿ ಮನೆಯಲ್ಲೂ ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ನಡೆಯಿತು. ಫೋಟೋ ಹುಚ್ಚಿದ್ದ ಸೋದರಮಾವನ ಉತ್ತರ ಯಾವಾಗಲೂ ದೊಡ್ಡದರ ಪರ. ಚಿತ್ರದ ಗುಣಮಟ್ಟವೊಂದನ್ನೇ ಅಳೆದರೆ ಅವನು ಹೇಳಿದ್ದು ಸರಿಯೇ. ಆದರೆ ಕ್ಯಾಮೆರಾದ ಚರಿತ್ರೆಯಲ್ಲಿ ಈ ಜಗಳ ಇನ್ನೂ ಹಳೆಯದು, ಮತ್ತು ಅಲ್ಲಿ ಸೋದರಮಾವಂದಿರು ಹಲವು ಸಲ ಸೋತಿದ್ದಾರೆ.

ಜರ್ಮನಿಯ ಆಸ್ಕರ್ ಬಾರ್ನಾಕ್ ಹುಟ್ಟಿದ್ದು 1879ರಲ್ಲಿ. ಕಸುಬಿನಲ್ಲಿ ಯಂತ್ರಕುಶಲಿ, ಹವ್ಯಾಸದಲ್ಲಿ ಛಾಯಾಗ್ರಾಹಕ, ದೇಹದಲ್ಲಿ ಆಸ್ತಮಾ ರೋಗಿ. ಥುರಿಂಗಿಯದ ಕಾಡುಗುಡ್ಡಗಳಲ್ಲಿ ತಿರುಗಾಡುವಾಗ ಅವನು ಹೊರುತ್ತಿದ್ದದ್ದು 13×18 ಸೆಂಟಿಮೀಟರಿನ ಗಾಜಿನ ಪ್ಲೇಟುಗಳ ಕ್ಯಾಮೆರಾ. ಪ್ಲೇಟುಗಳು, ಅವುಗಳ ಹಿಡಿಕೆಗಳು, ಮೂರು ಕಾಲಿನ ಸ್ಟ್ಯಾಂಡು ಎಲ್ಲ ಸೇರಿ ಒಬ್ಬ ಕೂಲಿಯಾಳಿನ ಹೊರೆ. ಉಸಿರು ಕಟ್ಟುವ ಮನುಷ್ಯನಿಗೆ ಅದು ಆಗದ ಮಾತು. ನೆಗೆಟಿವ್ ಚಿಕ್ಕದಿರಲಿ, ಆಮೇಲೆ ಅದನ್ನು ದೊಡ್ಡದು ಮಾಡಿಕೊಂಡರಾಯಿತು ಎಂಬ ಯೋಚನೆ ಅವನಿಗೆ ಬಂದದ್ದು ಹೀಗೆ. 1911ರಲ್ಲಿ ಅವನು ವೆಟ್ಸ್‌ಲರ್ ಊರಿನ ಲೈಟ್ಸ್ ಕಂಪನಿ ಸೇರಿದ. ಅದು ಸೂಕ್ಷ್ಮದರ್ಶಕ ಮಾಡುವ ಕಾರ್ಖಾನೆ. ಸಿನಿಮಾದ 35 ಮಿಮೀ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟು, ಅಂಗೈಯಲ್ಲಿ ಹಿಡಿಯುವ ಲೋಹದ ಕ್ಯಾಮೆರಾವೊಂದನ್ನು 1914ರ ಹೊತ್ತಿಗೆ ಅವನು ಮಾಡಿ ಮುಗಿಸಿದ್ದ. ಆ ಚೌಕಟ್ಟಿನ ಅಳತೆ 24×36 ಮಿಮೀ. ಅವನು ಹೊರುತ್ತಿದ್ದ ಪ್ಲೇಟಿಗೆ ಹೋಲಿಸಿದರೆ ಇಪ್ಪತ್ತೇಳನೇ ಒಂದು ಪಾಲು.

ನಡುವೆ ಮಹಾಯುದ್ಧ ಬಂತು, ಅದರ ಹಿಂದೆ ಜರ್ಮನಿಯ ಹಣದುಬ್ಬರ ಬಂತು. 1924ರಲ್ಲಿ ಮಾಲೀಕ ಎರಡನೆಯ ಎರ್ನ್ಸ್ಟ್ ಲೈಟ್ಸ್ ಇದನ್ನು ತಯಾರಿಸಿಯೇ ಬಿಡೋಣ ಎಂದು ತೀರ್ಮಾನಿಸಿದ. 1925ರ ಲೈಪ್‌ಜಿಗ್ ಜಾತ್ರೆಯಲ್ಲಿ ಲೈಕಾ ಹೊರಬಂತು. ಪ್ಲೇಟಿನ ಕಸುಬುದಾರರಿಗೆ ಅದು ಆಟಿಕೆಯಾಗಿ ಕಂಡಿತು. ಅಂಚೆಚೀಟಿಯಷ್ಟು ನೆಗೆಟಿವ್‌ನಿಂದ ಗೋಡೆಗೆ ಹಾಕುವ ಚಿತ್ರ ಹೇಗೆ ಬರುತ್ತದೆ, ಮರಳು ಮರಳಾಗಿ ಕಾಣುವುದಿಲ್ಲವೇ ಎಂಬುದು ಅವರ ಆಕ್ಷೇಪ. ಈ ಬಗೆಯ ಕ್ಯಾಮೆರಾಗಳಿಗೆ ಆಗ ಇದ್ದ ಹೆಸರೇ 'ಮಿನಿಯೇಚರ್'.

ಈಗ 2002ರ ಆ ದೈತ್ಯ ಕ್ಯಾನನ್‌ನ ಸೆನ್ಸರಿನ ಅಳತೆಯನ್ನು ಇನ್ನೊಮ್ಮೆ ನೋಡಬೇಕು. 36×24. ಡಿಎಸ್‌ಎಲ್‌ಆರ್ ಜಾಹೀರಾತುಗಳು 'ಫುಲ್ ಫ್ರೇಮ್' ಎಂದು ಕೊಂಡಾಡುವುದು, ಅದಕ್ಕಾಗಿ ಜನ ಲಕ್ಷಗಟ್ಟಲೆ ಸುರಿಯುವುದು, ಆಸ್ತಮಾದ ಬಾರ್ನಾಕ್ ಹಗುರವಾಗಲಿ ಎಂದು ಆರಿಸಿಕೊಂಡ ಆಟಿಕೆಯ ಅಳತೆಯನ್ನೇ. ಒಂದು ಕಾಲದ ಚಿಕ್ಕದು ಮೂರು ತಲೆಮಾರು ಕಳೆಯುವುದರೊಳಗೆ 'ಪೂರ್ಣ'ವಾಯಿತು.

*

ದೊಡ್ಡ ಕ್ಯಾಮೆರಾ, ಚಿಕ್ಕ ಕ್ಯಾಮೆರಾಗಳ ವ್ಯತ್ಯಾಸ ಚಿತ್ರದ ಸ್ಪಷ್ಟತೆಯದಷ್ಟೇ ಅಲ್ಲ ಎಂಬುದಕ್ಕೆ ಭಾರತದಲ್ಲೇ ಒಂದು ಸಾಕ್ಷಿಯಿದೆ. 1946ರಲ್ಲಿ ಲೈಫ್ ಪತ್ರಿಕೆಯ ಮಾರ್ಗರೆಟ್ ಬೂರ್ಕ್-ವೈಟ್ ಪುಣೆಯಲ್ಲಿ ಗಾಂಧಿಯವರ ಚಿತ್ರ ತೆಗೆಯಲು ಬಂದರು. ಚರಕದ ಜೊತೆ ಗಾಂಧಿ ಬೇಕೆಂದರೆ ನೀವೂ ಮೊದಲು ನೂಲುವುದನ್ನು ಕಲಿಯಿರಿ ಎಂದು ಅಲ್ಲಿದ್ದವರು ಹೇಳಿದರು, ಆಕೆ ಕಲಿತರು. ಒಳಗೆ ಬೆಳಕು ಸಾಲದು, ಫ್ಲ್ಯಾಷ್ ಬೇಕು, ಗಾಂಧಿಗೆ ಫ್ಲ್ಯಾಷ್ ಇಷ್ಟವಿಲ್ಲ. ಕೊನೆಗೆ ಸಿಕ್ಕಿದ ಅನುಮತಿ ಮೂರೇ ಮೂರು ಬಲ್ಬುಗಳಿಗೆ. ಮೊದಲೆರಡು ವ್ಯರ್ಥವಾದವು, ಮೂರನೆಯದು ಕೆಲಸ ಮಾಡಿತು ಎಂದು ಆಕೆಯೇ ಬರೆದುಕೊಂಡಿದ್ದಾರೆ. ಇಪ್ಪತ್ತನೆಯ ಶತಮಾನದ ಅತಿ ಪರಿಚಿತ ಗಾಂಧಿ ಚಿತ್ರ ಹೀಗೆ ಕೂದಲೆಳೆಯಲ್ಲಿ ಉಳಿದುಕೊಂಡದ್ದು.

ಎರಡು ವರ್ಷದ ನಂತರ, 1948ರ ಜನವರಿ 30ರಂದು, ಬೂರ್ಕ್-ವೈಟ್ ದೆಹಲಿಯಲ್ಲಿದ್ದರು. ಫ್ರಾನ್ಸಿನ ಆನ್ರಿ ಕಾರ್ಟಿಯೇ-ಬ್ರೆಸ್ಸೋನ್ ಕೂಡ ಇದ್ದರು. ಆತ 1930ರ ದಶಕದ ಆರಂಭದಿಂದಲೂ ಲೈಕಾ ಹಿಡಿದವರು. ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿ, ಅಂಗೈಯೊಳಗೆ ಮರೆಮಾಡಿಕೊಂಡು ಓಡಾಡುತ್ತಿದ್ದವರು. ಇಬ್ಬರೂ ಆ ದಿನ ಗಾಂಧಿಯವರನ್ನು ಭೇಟಿಯಾಗಿದ್ದರು. ಕೊಲೆಯ ಸುದ್ದಿ ಹಬ್ಬಿದ ಮೇಲೆ ಬಿರ್ಲಾ ಭವನದೊಳಗೆ ಹೋದ ಬೂರ್ಕ್-ವೈಟ್ ಫ್ಲ್ಯಾಷ್ ಉಪಯೋಗಿಸಿದ್ದರಿಂದ ಅಲ್ಲಿದ್ದವರು ಸಿಟ್ಟಾಗಿ ಅವರನ್ನು ಹೊರಗೆ ಕಳಿಸಿದರು ಎಂಬುದು ಛಾಯಾಗ್ರಾಹಕರ ನಡುವೆ ಮತ್ತೆ ಮತ್ತೆ ಹೇಳಲಾಗುವ ಪ್ರಸಂಗ. ಕಾರ್ಟಿಯೇ-ಬ್ರೆಸ್ಸೋನ್ ತೆಗೆದ ಚಿತ್ರಗಳು ಉಳಿದವು: ಗೇಟಿನ ಬಳಿ ಎತ್ತರದಲ್ಲಿ ನಿಂತು ಸಾವಿನ ಸುದ್ದಿ ಹೇಳುತ್ತಿರುವ ನೆಹರೂ, ಮಬ್ಬು ಬೆಳಕು, ಸ್ವಲ್ಪ ಅಲುಗಾಡಿದ ಚಿತ್ರ. ತಾಂತ್ರಿಕವಾಗಿ ಅದು ಕಳಪೆ. ಆ ಸಂಜೆ ಹೇಗಿತ್ತು ಎಂದು ಕೇಳಿದವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಲೈಕಾದಂಥ ಕ್ಯಾಮೆರಾಗಳಿಗೆ ಒಂದು ದೋಷವಿತ್ತು. ಕಣ್ಣು ನೋಡುವ ಕಿಂಡಿ ಬೇರೆ, ಲೆನ್ಸ್ ನೋಡುವ ಕಿಂಡಿ ಬೇರೆ. ದೂರದ ಬೆಟ್ಟಕ್ಕೆ ಇದರಿಂದ ತೊಂದರೆಯಿಲ್ಲ. ಹತ್ತಿರದ ಹೂವಿಗೆ, ಉದ್ದ ಲೆನ್ಸಿನಲ್ಲಿ ಹಿಡಿಯಬೇಕಾದ ಹಕ್ಕಿಗೆ ಇದು ನಡೆಯದು; ಕಿಂಡಿಯಲ್ಲಿ ಕಂಡದ್ದೊಂದು, ಫಿಲ್ಮಿನಲ್ಲಿ ಬಂದದ್ದೊಂದು. ಪರಿಹಾರ ಕನ್ನಡಿ. ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇಟ್ಟು, ಬೆಳಕನ್ನು ಮೇಲಕ್ಕೆ ಕಳಿಸಿ ಕಣ್ಣಿಗೆ ಮುಟ್ಟಿಸುವುದು. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ ಫಿಲ್ಮಿಗೆ ದಾರಿ ಬಿಡುವುದು. ಎಸ್‌ಎಲ್‌ಆರ್ ಎಂದರೆ ಇಷ್ಟೇ. 35 ಮಿಮೀ ಫಿಲ್ಮಿಗೆ ಇದನ್ನು ಅಳವಡಿಸಿದ ಕೀನೆ ಎಕ್ಸಾಕ್ಟಾ 1936ರಲ್ಲಿ ಡ್ರೆಸ್ಡೆನ್‌ನಲ್ಲಿ ಬಂತು. ಚಿತ್ರವನ್ನು ನೆಟ್ಟಗೆ ತೋರಿಸುವ ಐದು ಮೂಲೆಯ ಗಾಜಿನ ಗಟ್ಟಿ 1949ರ ಕಾಂಟ್ಯಾಕ್ಸ್ ಎಸ್‌ನಲ್ಲಿ, ಹಾರಿದ ಕನ್ನಡಿ ಕೂಡಲೇ ತಾನಾಗಿ ಕೆಳಗಿಳಿಯುವ ಏರ್ಪಾಡು 1954ರ ಅಸಾಹಿಫ್ಲೆಕ್ಸ್‌ನಲ್ಲಿ ಸೇರಿಕೊಂಡವು. 1959ರ ನಿಕಾನ್ ಎಫ್ ಇದನ್ನೆಲ್ಲ ಒಟ್ಟು ಮಾಡಿ ಪತ್ರಕರ್ತರ ಕೊರಳಿಗೆ ಹಾಕಿತು.

ಕನ್ನಡಿಗೆ ಬೆಲೆ ತೆರಬೇಕು. ಅದು ಓಡಾಡಲು ಜಾಗ ಬೇಕು. ನಿಕಾನ್ ಎಫ್‌ನಲ್ಲಿ ಲೆನ್ಸಿನ ಬಾಯಿಯಿಂದ ಫಿಲ್ಮಿನವರೆಗೆ 46.5 ಮಿಮೀ ದೂರ. ಹಳೆಯ ಲೆನ್ಸುಗಳು ಹೊಸ ಕ್ಯಾಮೆರಾಗಳಿಗೂ ಕೂರಬೇಕೆಂಬ ಕಾರಣಕ್ಕೆ ಆ ಅಂತರ ಡಿಜಿಟಲ್ ಕಾಲದಲ್ಲೂ ಹಾಗೆಯೇ ಉಳಿಯಿತು. ನಾಲ್ಕು ಎಕ್ಸಿಲಿಮ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ 45.2 ಮಿಮೀ. ಅಂದರೆ ಒಂದು ಡಿಎಸ್‌ಎಲ್‌ಆರ್‌ನೊಳಗಿನ ಬರಿಯ ಖಾಲಿ ಜಾಗದಲ್ಲಿ ನಾಲ್ಕು ಪೂರ್ತಿ ಕ್ಯಾಮೆರಾಗಳ ದಪ್ಪ ಕೂರುತ್ತದೆ. ಜೊತೆಗೆ ಸದ್ದು: ಕನ್ನಡಿ ಹಾರಿದ 'ಖಟಕ್' ಮದುವೆ ಮಂಟಪದಲ್ಲಿ ಕೇಳಿಸುವುದಿಲ್ಲ, ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ.

ಒಲಿಂಪಸ್ ಕಂಪನಿಯ ಯೋಶಿಹಿಸಾ ಮೈತಾನಿಯ ಹೆಸರನ್ನು ಇಲ್ಲಿ ಬಿಡಲಾಗದು. ದೊಡ್ಡದು ಚಿಕ್ಕದು ಎರಡೂ ಬಣದಲ್ಲಿ ಕೆಲಸ ಮಾಡಿದ ಇಂಥ ಇನ್ನೊಬ್ಬ ವಿನ್ಯಾಸಕಾರ ಸಿಗುವುದು ಕಷ್ಟ. 1959ರಲ್ಲಿ ಆತ ಮಾಡಿದ ಪೆನ್ ಕ್ಯಾಮೆರಾ ಬಾರ್ನಾಕ್‌ನ ಚೌಕಟ್ಟನ್ನೂ ಅರ್ಧ ಮಾಡಿ, 36 ಚಿತ್ರಗಳ ರೀಲಿನಲ್ಲಿ 72 ತೆಗೆಯುವಂತೆ ಮಾಡಿತು. 1972ರಲ್ಲಿ ಆತನೇ ಎಸ್‌ಎಲ್‌ಆರ್ ಯಾಕೆ ಇಷ್ಟು ದಪ್ಪ ಎಂದು ಕೇಳಿ ಒಎಂ-1 ಮಾಡಿದ. ಅದರ ತೂಕ ಸುಮಾರು ಅರ್ಧ ಕಿಲೋ. 1979ರಲ್ಲಿ ಎಕ್ಸ್‌ಎ ಬಂತು. ಲೆನ್ಸಿನ ಮುಚ್ಚಳವೇ ಕ್ಯಾಮೆರಾದ ಹೊರಮೈ, ಸರಿಸಿದರೆ ಕ್ಯಾಮೆರಾ ಸಿದ್ಧ, ಮುಚ್ಚಿದರೆ ಸಾಬೂನು ಬಿಲ್ಲೆಯ ಹಾಗೆ ನುಣ್ಣಗೆ ಕಿಸೆಯೊಳಗೆ. ಅಲ್ಟ್ರಾಕಾಂಪ್ಯಾಕ್ಟ್ ಎಂಬ ಮಾತು ಬರುವ ಎಷ್ಟೋ ಮೊದಲೇ ಅದರ ಲಕ್ಷಣವೆಲ್ಲ ಇಲ್ಲಿತ್ತು.

ಇವು ಯಾವುವೂ ಭಾರತದ ಮಧ್ಯಮವರ್ಗದ ಮನೆಗೆ ಸುಲಭವಾಗಿ ಬರಲಿಲ್ಲ. ಇಲ್ಲಿ ಬಂದದ್ದು ಹನ್ನೆರಡು ಚಿತ್ರಗಳ ಆಗ್ಫಾ ಕ್ಲಿಕ್ 3, ಆಮೇಲೆ ಹಾಟ್‌ಶಾಟ್, ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10. ರೀಲು ದುಬಾರಿ. ಊಟಿಯ ಸರ್ಕಾರಿ ಕಾರ್ಖಾನೆಯ ಇಂದು ಫಿಲ್ಮೂ ಎಣಿಸಿ ಬಳಸುವ ವಸ್ತುವೇ ಆಗಿತ್ತು. ಆ ಕಾಲದ ಕನ್ನಡ ಕ್ರಿಯಾಪದಗಳನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸುವುದು, ರೀಲು ತೊಳೆಸುವುದು, ಪ್ರಿಂಟು ಹಾಕಿಸುವುದು, ಕಟ್ಟು ಹಾಕಿಸುವುದು. ಎಲ್ಲವೂ '-ಇಸು' ಪ್ರತ್ಯಯದವು, ಇನ್ನೊಬ್ಬರ ಕೈಯಲ್ಲಿ ಮಾಡಿಸುವ ಕೆಲಸಗಳು. ಕಿಸೆಯ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ಪ್ರತ್ಯಯ ಸದ್ದಿಲ್ಲದೆ ಉದುರಿತು. ಫೋಟೋ ತೆಗಿ, ನೋಡು, ಅಳಿಸು. ಈ ಕೊನೆಯದರಲ್ಲಿ 'ಇಸು' ಕೇಳಿಸುತ್ತದಾದರೂ ಅಳಿಸುವವರು ತಾವೇ.

*

ಡಿಜಿಟಲ್ ಕಥೆ ಶುರುವಾದದ್ದು ದೊಡ್ಡದರಿಂದಲೇ. 1975ರಲ್ಲಿ ಕೊಡಾಕ್ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಯಂತ್ರ ಸುಮಾರು 3.6 ಕಿಲೋ ತೂಗುತ್ತಿತ್ತು. ಹತ್ತು ಸಾವಿರ ಚುಕ್ಕೆಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಬೇಕಿತ್ತು. 1991ರಲ್ಲಿ ಕೊಡಾಕ್ ಪತ್ರಕರ್ತರಿಗೆಂದು ತಂದ ಡಿಸಿಎಸ್‌ನಲ್ಲಿ ನಿಕಾನ್ ಎಫ್3 ಕ್ಯಾಮೆರಾದಿಂದ ಒಂದು ತಂತಿ ಹೊರಟು ಹೆಗಲಿಗೆ ನೇತುಬಿದ್ದ ಪೆಟ್ಟಿಗೆಗೆ ಸೇರುತ್ತಿತ್ತು. ಪೆಟ್ಟಿಗೆಯೊಳಗೆ 200 ಎಂಬಿಯ ಹಾರ್ಡ್ ಡಿಸ್ಕ್. ಬಾರ್ನಾಕ್ ಕಂಡಿದ್ದರೆ ಕೆಮ್ಮುತ್ತಿದ್ದನೇನೋ.

ಚಿಕ್ಕದರ ಕಡೆಯಿಂದ ಬಂದ ಮುಖ್ಯ ಹೆಜ್ಜೆ 1995ರ ಕ್ಯಾಸಿಯೋ ಕ್ಯೂವಿ-10. ಚಿತ್ರದ ಗುಣಮಟ್ಟ ಕೇಳುವಂತಿರಲಿಲ್ಲ. ಬೆನ್ನಿನ ಮೇಲೆ 1.8 ಇಂಚಿನ ಪುಟ್ಟ ಪರದೆ ಇತ್ತು. ಕಿಂಡಿಗೆ ಕಣ್ಣು ಹಚ್ಚುವ ಬದಲು ಕೈ ಮುಂದೆ ಚಾಚಿ ಪರದೆ ನೋಡಿಕೊಂಡು ಚಿತ್ರ ತೆಗೆಯುವ ಭಂಗಿ ಜನಕ್ಕೆ ರೂಢಿಯಾದದ್ದು ಇಂಥವುಗಳಿಂದ. ಕಸುಬುದಾರರು ನಕ್ಕರು. ಈ ಪರದೆಯ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

1999ರಲ್ಲಿ ನಿಕಾನ್ ಡಿ1 ಬಂತು, 2.7 ಮೆಗಾಪಿಕ್ಸೆಲ್, ಪತ್ರಿಕಾ ಕಚೇರಿಗಳು ಕತ್ತಲ ಕೋಣೆಗಳಿಗೆ ಬೀಗ ಹಾಕತೊಡಗಿದವು. 2000ದಲ್ಲಿ ಕ್ಯಾನನ್‌ನ ಡಿಜಿಟಲ್ ಇಕ್ಸಸ್ ಬಂತು, ಸಿಗರೇಟು ಪ್ಯಾಕಿನಷ್ಟು ಲೋಹದ ಡಬ್ಬಿ. ಆಮೇಲೆ ಕಂಪನಿಗಳು ತೆಳುವಿನ ಪೈಪೋಟಿಗೆ ಬಿದ್ದವು, ಮತ್ತು ಈ ಪೈಪೋಟಿಯಲ್ಲಿ ನಿಜವಾದ ಜಾಣತನವಿತ್ತು. 2002ರ ಮಿನೋಲ್ಟಾ ಡಿಮಾಜ್ ಎಕ್ಸ್ ಒಳಗೆ ಬಂದ ಬೆಳಕನ್ನು ಪ್ರಿಸಮ್ಮಿನಿಂದ ತೊಂಬತ್ತು ಡಿಗ್ರಿ ಕೆಳಕ್ಕೆ ತಿರುಗಿಸಿತು; ಝೂಮ್ ಲೆನ್ಸ್ ಹೊರಗೆ ಚಾಚದೆ ಮೈಯೊಳಗೇ ಮೇಲೆ ಕೆಳಗೆ ಸರಿದಾಡಿತು. ಈಗಿನ ದುಬಾರಿ ಫೋನುಗಳ ಪೆರಿಸ್ಕೋಪ್ ಝೂಮ್ ಅದೇ ಉಪಾಯ. 2003ರ ಪೆಂಟ್ಯಾಕ್ಸ್ ಆಪ್ಟಿಯೋ ಎಸ್‌ನಲ್ಲಿ ಲೆನ್ಸ್ ಒಳಗೆ ಹೋಗುವಾಗ ಒಂದಷ್ಟು ಗಾಜುಗಳು ಪಕ್ಕಕ್ಕೆ ಸರಿದು ಕೂರುತ್ತಿದ್ದವು, ಸ್ಟೀಲ್ ಡಬ್ಬಿಗಳನ್ನು ಒಂದರೊಳಗೊಂದು ಹಾಕಲಾಗದಾಗ ಪಕ್ಕದಲ್ಲಿಟ್ಟ ಹಾಗೆ.

ಅದೇ 2003ರ ಆಗಸ್ಟ್‌ನಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿನ ಗೆರೆಯನ್ನು ಕೆಳಮುಖವಾಗಿ ದಾಟಿತು. ದೊಡ್ಡ ಕ್ಯಾಮೆರಾ ಸಂಬಳದಾರರ ಕೈಗೆ ಎಟುಕಿದ್ದು ಅಲ್ಲಿಂದ ಮುಂದೆ. ಪೂರ್ಣಚಂದ್ರ ತೇಜಸ್ವಿಯವರಂಥವರು ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ಫಿಲ್ಮಿನ ದಶಕಗಳಲ್ಲಿ ಪ್ರತಿ ಒತ್ತಿಗೂ ಕಾಸು ಖರ್ಚಾಗುತ್ತಿತ್ತು, ಫಲಿತಾಂಶ ಕಾಣಲು ದಿನಗಟ್ಟಲೆ ಕಾಯಬೇಕಿತ್ತು. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಂದ ಶನಿವಾರ ಬೆಳಗ್ಗೆ ರಂಗನತಿಟ್ಟಿಗೂ ಕಬಿನಿಗೂ ಉದ್ದ ಲೆನ್ಸುಗಳ ಮೆರವಣಿಗೆ ಹೊರಟಿತು. ಒಂದು ಮಿಂಚುಳ್ಳಿಗೆ ನಾನೂರು ಚಿತ್ರ. ಮದುವೆಮನೆಗಳಲ್ಲಿ ಫೋಟೋಗ್ರಾಫರನ ಯೋಗ್ಯತೆಯನ್ನು ಅವನ ಕ್ಯಾಮೆರಾದ ಗಾತ್ರದಿಂದ ಅಳೆಯುವುದು ಮೊದಲೂ ಇತ್ತು, ಈಗ ಬೀಗರ ಕಡೆಯ ಹುಡುಗನ ಕೊರಳಲ್ಲೂ ಅಷ್ಟೇ ದೊಡ್ಡದು ಕಂಡು ಪಾಪ ಅವನು ಇನ್ನೂ ದೊಡ್ಡದನ್ನು ಕೊಳ್ಳಬೇಕಾಯಿತು.

ಹಾಗಾದರೆ ಆ ಅಂತರ ಎಲ್ಲಿತ್ತು? ಅಂಗಡಿಯಲ್ಲಿ ಹೇಳುತ್ತಿದ್ದದ್ದು ಮೆಗಾಪಿಕ್ಸೆಲ್. 2006ರ ಕೊನೆಯಲ್ಲಿ ಬಂದ ನಿಕಾನ್ ಡಿ40 ಎಂಬ ಡಿಎಸ್‌ಎಲ್‌ಆರ್‌ನಲ್ಲಿ ಆರು ಮೆಗಾಪಿಕ್ಸೆಲ್. 2007ರ ಪುಟ್ಟ ಕ್ಯಾನನ್ ಇಕ್ಸಸ್ 70ರಲ್ಲಿ ಏಳು. ಏಳು ಆರಕ್ಕಿಂತ ಹೆಚ್ಚು, ಬೆಲೆಯೂ ಕಡಿಮೆ, ಇನ್ನೇನು ಯೋಚನೆ? ಆದರೆ ಡಿ40ರಲ್ಲಿ ಒಂದೊಂದು ಪಿಕ್ಸೆಲ್ ಅಗಲ ಸುಮಾರು 7.8 ಮೈಕ್ರಾನ್, ಇಕ್ಸಸ್‌ನಲ್ಲಿ ಸುಮಾರು 1.9. ವಿಸ್ತೀರ್ಣ ತೆಗೆದುಕೊಂಡರೆ ಹದಿನಾರು ಹದಿನೇಳು ಪಟ್ಟು ವ್ಯತ್ಯಾಸ. ಮಳೆ ಬರುವಾಗ ಅಂಗಳದಲ್ಲಿ ಕೊಳದಪ್ಪಲೆಯನ್ನೂ ಒಳಲೆಯನ್ನೂ ಇಟ್ಟಂತೆ. ಬೆಳಕೂ ಹನಿ ಹನಿಯಾಗಿಯೇ ಬೀಳುತ್ತದೆ, ಲೆಕ್ಕ ಇಟ್ಟ ಹಾಗೆ ಬೀಳುವುದಿಲ್ಲ. ಸರಾಸರಿ ಹತ್ತು ಸಾವಿರ ಹನಿ ಬೀಳುವ ಕಡೆ ನೂರು ಆಚೀಚೆಯಾದರೆ ನೂರಕ್ಕೆ ಒಂದು ತಪ್ಪು, ಕಣ್ಣಿಗೆ ಕಾಣದು. ನೂರು ಹನಿ ಬೀಳುವ ಕಡೆ ಹತ್ತು ಆಚೀಚೆಯಾದರೆ ಹತ್ತಕ್ಕೆ ಒಂದು. ಸಂಜೆಯ ಹೊತ್ತು ತೆಗೆದ ಮುಖಗಳ ಮೇಲೆ ಬಣ್ಣಬಣ್ಣದ ರವೆ ಚೆಲ್ಲಿದಂತೆ ಕಾಣುತ್ತಿದ್ದದ್ದು ಈ ತಪ್ಪುಗಳೇ. 1925ರಲ್ಲಿ ಪ್ಲೇಟಿನವರು ಲೈಕಾದ ಮೇಲೆ ಎತ್ತಿದ ಆಕ್ಷೇಪವೂ ಇದೇ ಆಗಿತ್ತು.

ಮನೆಮಂದಿಗೆ ಹೆಚ್ಚು ಸಿಟ್ಟು ತರಿಸಿದ್ದು ಮಾತ್ರ ರವೆಯಲ್ಲ, ತಡ. ಮಗು ಮೇಣದ ಬತ್ತಿ ಊದುವಾಗ ಗುಂಡಿ ಒತ್ತಿದರೆ ಚಿತ್ರದಲ್ಲಿ ಬರುತ್ತಿದ್ದದ್ದು ಆರಿದ ಬತ್ತಿಯ ಹೊಗೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಹಿಂದೆ ಫೋಕಸ್ ಅಳೆಯುವ ಪ್ರತ್ಯೇಕ ಸೆನ್ಸರ್ ಇರುತ್ತದೆ. ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕನ್ನು ಹೋಲಿಸಿ, ಯಾವ ಕಡೆಗೆ ಎಷ್ಟು ತಿರುಗಬೇಕೆಂದು ಅದು ಒಂದೇ ಸಲಕ್ಕೆ ಹೇಳಿಬಿಡುತ್ತದೆ. ಪುಟ್ಟ ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ಅದು ಹಳೆಯ ರೇಡಿಯೋದ ಗುಂಡಿ ತಿರುಗಿಸಿ ವಿವಿಧಭಾರತಿ ಹುಡುಕಿದ ಹಾಗೆ ಹುಡುಕಬೇಕು: ಸ್ಪಷ್ಟವಾಗುತ್ತಾ ಹೋಗಿ, ದಾಟಿ, ಮತ್ತೆ ಮಸುಕಾದ ಮೇಲೆಯೇ ಸರಿಯಾದ ಜಾಗ ಹಿಂದೆ ಉಳಿಯಿತೆಂದು ಗೊತ್ತಾಗುವುದು, ಆಮೇಲೆ ವಾಪಸು ಬರುವುದು. ದೊಡ್ಡದರಲ್ಲಿ ಗುಂಡಿ ಒತ್ತಿದ ಮೇಲಿನ ತಡ ಹತ್ತನೇ ಒಂದು ಸೆಕೆಂಡೂ ಇಲ್ಲದಾಗ ಚಿಕ್ಕದರಲ್ಲಿ ಫೋಕಸ್ ಸೇರಿ ಅರ್ಧ ಸೆಕೆಂಡು, ಮಂದ ಬೆಳಕಿನಲ್ಲಿ ಒಂದು ಸೆಕೆಂಡು. ಮಗುವಿನ ಲೆಕ್ಕದಲ್ಲಿ ಅದು ಒಂದು ಯುಗ. ಅಂದಹಾಗೆ 2002ರ ಆ ಎಕ್ಸಿಲಿಮ್‌ಗೆ ಈ ಕಾಯಿಲೆ ಇರಲಿಲ್ಲ. ಅದರ ಲೆನ್ಸಿಗೆ ಫೋಕಸ್ ಬದಲಿಸುವ ಯಂತ್ರವೇ ಇರಲಿಲ್ಲ. ಸೆನ್ಸರ್ ಪುಟ್ಟದಾದ್ದರಿಂದ ಹತ್ತಿರದ್ದೂ ದೂರದ್ದೂ ಸುಮಾರಾಗಿ ಸ್ಪಷ್ಟವೇ.

ಈ ಕೊನೆಯ ಗುಣ, ಎಲ್ಲವೂ ಸ್ಪಷ್ಟವಾಗಿ ಬರುವುದು, ಹವ್ಯಾಸಿಗಳ ಕಣ್ಣಿಗೆ ದೋಷ. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕು, ಮುಖವೊಂದೇ ನಿಲ್ಲಬೇಕು ಎಂಬುದು ಡಿಎಸ್‌ಎಲ್‌ಆರ್ ಕಾಲದ ರುಚಿ. ಮ್ಯಾಗ್ನಮ್ ಸಂಸ್ಥೆಯ ಇಟಾಲಿಯನ್ ಛಾಯಾಗ್ರಾಹಕ ಅಲೆಕ್ಸ್ ಮಯೋಲಿ ಹಾಗೆ ಎಣಿಸಲಿಲ್ಲ. 2003ರ ಆಸುಪಾಸಿನಲ್ಲಿ ಇರಾಕ್, ಕಾಂಗೋ, ಚೀನಾಗಳಲ್ಲಿ ಆತ ಕೆಲಸ ಮಾಡಿದ್ದು ಒಲಿಂಪಸ್ ಸಿ-5050 ಎಂಬ, ಪ್ರವಾಸಿಗರು ಹಿಡಿಯುವ ಸಣ್ಣ ಕ್ಯಾಮೆರಾದಿಂದ. ಅಲ್ಟ್ರಾಕಾಂಪ್ಯಾಕ್ಟಿನಷ್ಟು ತೆಳುವಲ್ಲ ಅದು, ಆದರೂ ಕನ್ನಡಿಯಿಲ್ಲದ್ದು, ಸದ್ದಿಲ್ಲದ್ದು. ಚಿತ್ರ ಉಳಿಸಿಕೊಳ್ಳಲು ಅದು ತೆಗೆದುಕೊಳ್ಳುತ್ತಿದ್ದ ಸಮಯ ಸಹಿಸಲಾಗದೆ ಆತ ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿದ್ದ. ಒಂದು ಯೋಚಿಸುತ್ತಿರುವಾಗ ಇನ್ನೊಂದು. ದೊಡ್ಡ ಲೆನ್ಸನ್ನು ಮುಖಕ್ಕೆ ಹಿಡಿದರೆ ಜನ ಎಚ್ಚರಗೊಳ್ಳುತ್ತಾರೆ, ಸಣ್ಣದನ್ನು ಹಿಡಿದವನು ಯಾರೋ ದಾರಿಹೋಕ. ಕಾರ್ಟಿಯೇ-ಬ್ರೆಸ್ಸೋನ್ ಕಪ್ಪು ಪಟ್ಟಿ ಅಂಟಿಸಿ ಪಡೆದದ್ದನ್ನೇ ಈತ ಅಂಗಡಿಯಲ್ಲಿ ಹಾಗೆಯೇ ಕೊಂಡ.

ಆದರೆ ಆ ದಶಕದ ಅತಿ ಪರಿಣಾಮಕಾರಿ ಚಿತ್ರಗಳನ್ನು ತೆಗೆದವರು ಛಾಯಾಗ್ರಾಹಕರೇ ಅಲ್ಲ. ಬಾಗ್ದಾದ್ ಬಳಿಯ ಅಬು ಘ್ರೈಬ್ ಜೈಲಿನಲ್ಲಿ 2003ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಕಾವಲು ಸೈನಿಕರು ಕೈದಿಗಳನ್ನು ಹಿಂಸಿಸುತ್ತಾ, ಅವಮಾನಿಸುತ್ತಾ, ತಮ್ಮ ಸ್ವಂತ ಡಿಜಿಟಲ್ ಕ್ಯಾಮೆರಾಗಳಿಂದ ಅದನ್ನೆಲ್ಲ ಸೆರೆಹಿಡಿದುಕೊಂಡರು, ಪಿಕ್‌ನಿಕ್ಕಿನ ನೆನಪಿಗೆ ಹಿಡಿದಂತೆ. ಇರಾಕಿನಲ್ಲಿ ಆಗ ನೂರಾರು ವೃತ್ತಿನಿರತರು ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್‌ಗಳೊಂದಿಗೆ ಇದ್ದರು. ಅವರಲ್ಲಿ ಯಾರಿಗೂ ಆ ಮೊಗಸಾಲೆಗೆ ಪ್ರವೇಶವಿರಲಿಲ್ಲ. 2004ರ ಏಪ್ರಿಲ್ 28ರಂದು ಸಿಬಿಎಸ್ ವಾಹಿನಿ ಆ ಚಿತ್ರಗಳನ್ನು ಪ್ರಸಾರ ಮಾಡಿತು. ಸೈನಿಕರು ಯುದ್ಧಭೂಮಿಯಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡಿ ಚಿತ್ರಗಳನ್ನು ಹಂಚುತ್ತಿದ್ದಾರೆ ಎಂದು ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಸಂಸತ್ ಸಮಿತಿಯ ಮುಂದೆ ದೂರಿದ್ದು ಆ ಮೇ ತಿಂಗಳಲ್ಲಿ.

ತನಿಖೆಯಲ್ಲಿ ನಡೆದದ್ದು ಇನ್ನೂ ವಿಶೇಷ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಳಗೆ ತನ್ನ ಮಾದರಿಯ ಹೆಸರನ್ನೂ ತೆಗೆದ ದಿನ, ಗಂಟೆ, ಸೆಕೆಂಡನ್ನೂ ಬರೆದಿಡುತ್ತದೆ. ಬೇರೆ ಬೇರೆ ಸೈನಿಕರ ಕ್ಯಾಮೆರಾಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾರೂ ಸರಿಯಾಗಿ ಇಟ್ಟಿರಲಿಲ್ಲ. ಸೇನೆಯ ತನಿಖಾಧಿಕಾರಿ ಒಂದೇ ಘಟನೆಯನ್ನು ಎರಡು ಕೋನಗಳಿಂದ ತೋರಿಸುವ ಚಿತ್ರಗಳನ್ನು ಹುಡುಕಿ, ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿ, ಸಾವಿರಾರು ಚಿತ್ರಗಳನ್ನು ಒಂದೇ ಕಾಲಸಾಲಿಗೆ ಪೋಣಿಸಿದ. ಯಾರು ಯಾವ ರಾತ್ರಿ ಎಷ್ಟು ಹೊತ್ತಿಗೆ ಅಲ್ಲಿದ್ದರು ಎಂಬುದು ಸಾಕ್ಷ್ಯವಾಯಿತು. ಚಿತ್ರಗಳಲ್ಲಿ ನಗುತ್ತಿದ್ದ ಕೆಳದರ್ಜೆಯ ಸೈನಿಕರು ಜೈಲಿಗೆ ಹೋದರು. ಚೌಕಟ್ಟಿನೊಳಗೆ ಇಲ್ಲದ ಮೇಲಿನವರನ್ನು ಆ ಕ್ಯಾಮೆರಾಗಳು ಮುಟ್ಟಲಾಗಲಿಲ್ಲ. ಸಣ್ಣ ಕ್ಯಾಮೆರಾದ ಗೆಲುವನ್ನು ಹೊಗಳುವವರು ಈ ಮಿತಿಯನ್ನೂ ಹೇಳಬೇಕು.

*

2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿ ದಾಟಿತ್ತು, ಅವುಗಳಲ್ಲಿ ಬಹುಪಾಲು ಸಣ್ಣವು. 2020ರಲ್ಲಿ ಒಟ್ಟು 90 ಲಕ್ಷವೂ ಇರಲಿಲ್ಲ. ಫೋನು ಏನು ಮಾಡಿತೆಂದು ವಿವರಿಸಬೇಕಾಗಿಲ್ಲ. ಸದಾ ಕಿಸೆಯಲ್ಲಿರುವುದೇ ಅಲ್ಟ್ರಾಕಾಂಪ್ಯಾಕ್ಟಿನ ಒಂದೇ ದೊಡ್ಡ ಗುಣವಾಗಿತ್ತು, ಆ ಗುಣವನ್ನು ಇನ್ನೊಂದು ವಸ್ತು ಕಸಿದುಕೊಂಡಿತು. ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಡಿಎಸ್‌ಎಲ್‌ಆರ್ ಉಳಿಯುತ್ತದೆ ಎಂದು ಸೋದರಮಾವ ನಂಬಿದ್ದ. ಅದನ್ನು ಮುಗಿಸಿದ್ದು ಫೋನಲ್ಲ, ಕ್ಯಾಸಿಯೋ ಕ್ಯೂವಿ-10ರ ಪರದೆ. 2008ರಲ್ಲಿ ಪ್ಯಾನಸೋನಿಕ್ ಜಿ1 ಲೆನ್ಸ್ ಬದಲಿಸಬಹುದಾದ ಕ್ಯಾಮೆರಾದಿಂದ ಕನ್ನಡಿಯನ್ನು ಕಿತ್ತುಹಾಕಿ, ಸೆನ್ಸರ್ ಕಂಡದ್ದನ್ನೇ ನೇರವಾಗಿ ಪರದೆಗೆ ಕಳಿಸಿತು. ಸಣ್ಣ ಕ್ಯಾಮೆರಾಗಳು ಹದಿಮೂರು ವರ್ಷದಿಂದ ಮಾಡುತ್ತಿದ್ದದ್ದೇ ಅದು. 2013ರಲ್ಲಿ ಸೋನಿ ಎ7 ಅದೇ ಕ್ರಮವನ್ನು ಬಾರ್ನಾಕ್‌ನ 24×36 ಅಳತೆಗೆ ತಂದಿತು. ಫೋಕಸ್ ಅಳೆಯುವ ಕಣ್ಣುಗಳು ಮುಖ್ಯ ಸೆನ್ಸರಿನೊಳಗೇ ಸೇರಿಕೊಂಡ ಮೇಲೆ ಕನ್ನಡಿಗೆ ಉಳಿದಿದ್ದ ಕೊನೆಯ ಕೆಲಸವೂ ಹೋಯಿತು. ನಿಕಾನ್ ಡಿ6, ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಎಂಬ ಇಬ್ಬರು ದೈತ್ಯರು 2020ರಲ್ಲಿ ಬಂದರು. ಆ ದರ್ಜೆಯಲ್ಲಿ ಅವರ ನಂತರ ಕನ್ನಡಿ ಇರುವವರು ಯಾರೂ ಬರಲಿಲ್ಲ.

ಈಚಿನ ವರ್ಷಗಳಲ್ಲಿ ಹದಿಹರೆಯದವರು ಅಪ್ಪ ಅಮ್ಮನ ಕಪಾಟಿನ ಮೂಲೆಯಿಂದ ಹಳೆಯ ಇಕ್ಸಸ್, ಎಕ್ಸಿಲಿಮ್‌ಗಳನ್ನು ಹೊರತೆಗೆದು ಹೊಸ ಬ್ಯಾಟರಿ ಹುಡುಕುತ್ತಿದ್ದಾರೆ. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅವುಗಳ ಬೆಲೆ ಏರಿದೆ. 2025ರಲ್ಲಿ ಕ್ಯಾನನ್ ತನ್ನ 2016ರ ಒಂದು ಪುಟ್ಟ ಮಾದರಿಯನ್ನು ಬಹುಪಾಲು ಹಾಗೆಯೇ ಮತ್ತೆ ಮಾರಾಟಕ್ಕೆ ತಂದಿತು. ಇವರಿಗೆ ಬೇಕಾದದ್ದು ಎದುರಿನಿಂದ ಹೊಡೆದ ಫ್ಲ್ಯಾಷಿನಲ್ಲಿ ಸುಣ್ಣ ಬಳಿದಂತಾದ ಮುಖ, ಕಪ್ಪಾಗಿ ಹೂತುಹೋದ ಹಿನ್ನೆಲೆ, ಕೆಂಪು ಕಣ್ಣು, ಮತ್ತು ಆ ಬಣ್ಣಬಣ್ಣದ ರವೆ.